ಕಪ್ಪೆಗಳ ರೋಗಪತ್ತೆಗೆ ನಾನು ನೆಚ್ಚಿರುವ ಸ್ವಾಬ್ ಕಡ್ಡಿ

ಪ್ರಾಣಿಶಾಸ್ತ್ರ ಓದಿ ಕಪ್ಪೆಗಳ ಬೆನ್ನು ಹತ್ತಿ 16 ವರ್ಷವಾಯಿತು. ಕ್ಯಾಮೆರಾ, ತಲೆದೀಪ ಎಲ್ಲ ಬದಲಾದವು. ಮೂರು ಮಳೆಗಾಲದಿಂದ ಚೀಲದಲ್ಲಿ ಖಾಯಂ ಆಗಿರುವುದು ಕಪ್ಪೆಯ ಚರ್ಮ ಸವರಿ ಮಾದರಿ ತೆಗೆಯುವ, ಪ್ಲಾಸ್ಟಿಕ್ ಹಿಡಿಯ ಈ ಸಪೂರ ಸ್ವಾಬ್.

ಮೊದಲು ಬೇರೊಂದು ಕಂಪನಿಯ ಮರದ ಕಡ್ಡಿ ಬಳಸುತ್ತಿದ್ದೆ. ಮರದ ಅಂಶ, ರೋಗಾಣುವಿನ ಡಿಎನ್‌ಎ ಪತ್ತೆಮಾಡುವ ಪಿಸಿಆರ್ ಪರೀಕ್ಷೆಗೆ ಅಡ್ಡ ಬರಬಹುದು. ನನ್ನ ಒಂದಿಡೀ ಋತುವಿನ ಮಾದರಿಗಳು ಹಾಗೇ ಹಾಳಾದವು. ಅದೇ ಕಪ್ಪೆಗಳನ್ನು ಮತ್ತೆ ಎಲ್ಲಿಂದ ತರಲಿ?

ಈ ಪ್ಲಾಸ್ಟಿಕ್ ಸ್ವಾಬಿನ ತುದಿ ಬಿಗಿಯಾಗಿದೆ. ಹೊಟ್ಟೆ, ತೊಡೆಯ ಒಳಭಾಗ, ಹಿಂಗಾಲಿನ ಬೆರಳುಗಳ ನಡುವಿನ ಪೊರೆ ಎಲ್ಲ ಕಡೆ ಐದೈದು ಸಲ ಸವರಿದರೂ ಒಂದು ಎಳೆ ಬಿಚ್ಚುವುದಿಲ್ಲ. ಹೆಬ್ಬೆರಳಿನ ಉಗುರಿನಷ್ಟೇ ಇರುವ ಕಪ್ಪೆಯ ಚರ್ಮವೂ ತರಚುವುದಿಲ್ಲ. ಅಂಗೈಯಲ್ಲಿ ಅದರ ಗಂಟಲು ಪಟಪಟನೆ ಮಿಡಿಯುತ್ತಿರುವಾಗ ಕೆಲಸ ಬೇಗ ಮುಗಿಯಬೇಕು, ಮುಗಿಯುತ್ತದೆ.

ಕಪ್ಪೆಗಳ ಚರ್ಮಕ್ಕೆ ತಗಲುವ ಕೈಟ್ರಿಡ್ ಶಿಲೀಂಧ್ರದಿಂದ 501 ಉಭಯಚರ ಪ್ರಭೇದಗಳು ಕ್ಷೀಣಿಸಿವೆ, ಅವುಗಳಲ್ಲಿ 90 ಅಳಿದೇ ಹೋಗಿರಬೇಕು ಎಂದಿತು 2019ರ ಅಧ್ಯಯನ. ಅಂಥ ರೋಗದ ಸುಳಿವು ಮೊದಲು ಸಿಗುವುದು ಈ ಪುಟ್ಟ ತುದಿಯಲ್ಲಿ.

ಒಂದೇ ಕೊರತೆ. ಕಡ್ಡಿ ಮುರಿಯುವ ಗೆರೆ ಮಾದರಿ ಹಾಕಿಡುವ ಟ್ಯೂಬಿನ ಬಾಯಿಗಿಂತ ಮೇಲಿದೆ, ಹಾಗಾಗಿ ಕತ್ತರಿ ಬೇಕು, ಅದನ್ನೂ ಪ್ರತಿ ಸಲ ಶುದ್ಧಗೊಳಿಸಬೇಕು. ಕೈಗವಸನ್ನಂತೂ ಕಪ್ಪೆಗೊಂದು ಜೊತೆಯಂತೆ ಬದಲಿಸಲೇಬೇಕು.