ಅವೆನ್ಯೂ ರಸ್ತೆಯ ರೋಕಡ ಪುಸ್ತಕ: ನಾಲ್ಕು ವರ್ಷ ಬರೆದ ಮೇಲೆ

2021ರ ಜುಲೈನಲ್ಲಿ ಬೆಂಗಳೂರಿನ ಚಿಕ್ಕಪೇಟೆ ಮೆಟ್ರೊ ನಿಲ್ದಾಣದಲ್ಲಿ ಇಳಿದು, ಅವೆನ್ಯೂ ರಸ್ತೆಯ ಅಂಗಡಿಯೊಂದರಲ್ಲಿ ನಾಲ್ಕು ಕ್ವೈರ್‌ನ ರೋಕಡ ಪುಸ್ತಕ, ಅಂದರೆ ದಿನದ ಹಣದ ಲೆಕ್ಕ ಬರೆಯುವ ಪುಸ್ತಕ, ಕೊಂಡೆ. ಕ್ವೈರ್ ಎಂದರೆ ಹಾಳೆಗಳ ಎಣಿಕೆ. ಕೆಂಪು ಬಟ್ಟೆಯ ಬೆನ್ನು, ದಪ್ಪ ರಟ್ಟು, ಒಂದೇ ಪುಟದಲ್ಲಿ ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಬೆಲೆ 260 ರೂಪಾಯಿ. ಅಲ್ಲಿಂದ ಇಲ್ಲಿಯವರೆಗೆ ಅಂಥವೇ ಮೂರು ಪುಸ್ತಕಗಳನ್ನು ತುಂಬಿಸಿದ್ದೇನೆ. ಪೀಣ್ಯದಲ್ಲಿರುವ ನಮ್ಮ ಸ್ಟಾರ್ಟಪ್ ಇನ್ನೂ ಬಾಗಿಲು ತೆರೆದಿರುವುದಕ್ಕೆ ಈ ಪುಸ್ತಕವೂ ಒಂದು ಕಾರಣ.

ನಾವು ಹಳ್ಳಿಯ ಹಾಲು ಶೀತಲೀಕರಣ ಘಟಕಗಳಿಗೆ ಉಷ್ಣಾಂಶ ಅಳೆಯುವ ಸಾಧನ ತಯಾರಿಸುತ್ತೇವೆ. ಕರೆಂಟ್ ಹೋಗಿ ತೊಟ್ಟಿಯ ಹಾಲು 4 ಡಿಗ್ರಿಗಿಂತ ಮೇಲೇರಿದರೆ ಕಾರ್ಯದರ್ಶಿಯ ಮೊಬೈಲಿಗೆ ಸಂದೇಶ ಹೋಗುತ್ತದೆ. 2021ರಲ್ಲಿ ಜಗತ್ತಿನಾದ್ಯಂತ ಚಿಪ್‌ಗಳ ಕೊರತೆ ಬಂತು. ನಾವು 120 ರೂಪಾಯಿಗೆ ಕೊಳ್ಳುತ್ತಿದ್ದ ಎಲೆಕ್ಟ್ರಾನಿಕ್ ಚಿಪ್‌ಗೆ ವರ್ತಕರು 900 ಕೇಳಿದರು. ಒಪ್ಪಿಕೊಂಡ ಆರ್ಡರು ಬಿಡಲಾಗಲಿಲ್ಲ, ಕೊಂಡೆವು. ಜೂನ್ 7ಕ್ಕೆ ಸಂಬಳ ಕೊಡಬೇಕು; ಹಣವಿಲ್ಲ ಎಂದು ನನಗೆ ತಿಳಿದದ್ದು 3ನೇ ತಾರೀಖು. ಹನ್ನೊಂದು ಜನರ ಮುಂದೆ ನಿಂತು ಅದನ್ನು ಹೇಳಿದ ಬೆಳಿಗ್ಗೆಯನ್ನು ನಾನು ಮರೆಯಲಾರೆ. ಹಣವಿಲ್ಲದ್ದಕ್ಕಿಂತ, ಇಲ್ಲವೆಂದು ನಾಲ್ಕು ದಿನದ ಹಿಂದಷ್ಟೇ ತಿಳಿದದ್ದು ನನ್ನನ್ನು ಹೆಚ್ಚು ಸುಟ್ಟಿತು.

ಅಪ್ಪ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಫೋನಿನಲ್ಲಿ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಹಾಕಿದರು: ‘ನಿನ್ನೆಯ ಶಿಲ್ಕು ಎಷ್ಟು?’ ಶಿಲ್ಕು ಎಂದರೆ ದಿನದ ಕೊನೆಗೆ ಕೈಯಲ್ಲಿ ಉಳಿದ ಹಣ. ನನ್ನ ಬಳಿ ಉತ್ತರವಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಐದು ವರ್ಷದ ಆದಾಯದ ಅಂದಾಜು ಇತ್ತು, ನಿನ್ನೆಯ ಶಿಲ್ಕು ಇರಲಿಲ್ಲ.

ಅದಕ್ಕೇ ಆ ರೋಕಡ ಪುಸ್ತಕ ಕೊಂಡೆ. ಬಳಕೆಯ ಕ್ರಮ ಸರಳ. ಸಂಜೆ ಆರಕ್ಕೆ ಆ ದಿನದ ಜಮಾ, ಖರ್ಚು, ಕೊನೆಗೆ ಶಿಲ್ಕು. ಶಿಲ್ಕಿನ ಕೆಳಗೆ ಕೆಂಪು ಶಾಯಿಯಲ್ಲಿ ನಮ್ಮದಲ್ಲದ ಹಣ: 7ಕ್ಕೆ ಕಟ್ಟಬೇಕಾದ ಟಿಡಿಎಸ್ (ನಾವು ಪಾವತಿಸುವಾಗ ಮುರಿದುಕೊಂಡ ತೆರಿಗೆ), 15ಕ್ಕೆ ನೌಕರರ ಭವಿಷ್ಯನಿಧಿ ಮತ್ತು ವಿಮೆಯ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿ. ಅದನ್ನು ಕಳೆದಾಗ ಉಳಿಯುವುದೇ ನಿಜವಾದ ಹಣ. ಅದನ್ನು ದಿನದ ಸರಾಸರಿ ಖರ್ಚಿನಿಂದ ಭಾಗಿಸಿ ಬಂದ ಅಂಕಿಯನ್ನು ಪುಟದ ಮೂಲೆಯಲ್ಲಿ ಬರೆದು ಸುತ್ತು ಹಾಕುತ್ತೇನೆ. ಇನ್ನೆಷ್ಟು ದಿನದ ಉಸಿರಿದೆ ಎಂಬುದು ಅದು. ಮೊದಲ ದಿನ ಬಂದ ಅಂಕಿ 19. ಕೈ ನಡುಗಿತು. ಆದರೂ ಆ ರಾತ್ರಿ, ಎಷ್ಟೋ ವಾರಗಳ ನಂತರ, ನಿದ್ದೆ ಬಂತು. ಆಕಾರವಿಲ್ಲದ ಭಯಕ್ಕಿಂತ ಹತ್ತೊಂಬತ್ತು ದಿನ ಎಂಬ ಭಯದೊಂದಿಗೆ ಕೆಲಸ ಮಾಡಬಹುದು: ಯಾರಿಗೆ ಮೊದಲು ಫೋನ್ ಮಾಡಬೇಕು, ಯಾವ ಖರೀದಿ ತಡೆಹಿಡಿಯಬೇಕು ಎಂಬುದು ಗೊತ್ತಾಗುತ್ತದೆ.

ಎರಡನೆಯ ಪುಸ್ತಕ ಬಾಕಿ ವಸೂಲಿಯಲ್ಲಿ ನೆರವಾಯಿತು. ದೊಡ್ಡ ಗ್ರಾಹಕರೊಬ್ಬರು ನಮ್ಮ ಬಿಲ್ಲನ್ನು 138 ದಿನ ಇಟ್ಟುಕೊಂಡರು. ನಾನು ಮಾಡಿದ ಪ್ರತಿ ಫೋನ್ ಕರೆಯ ದಿನಾಂಕವೂ ಅಂಚಿನಲ್ಲಿತ್ತು. 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ (ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ), ಒಪ್ಪಂದದಲ್ಲಿ ಏನೇ ಬರೆದಿದ್ದರೂ ನಮ್ಮಂಥ ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಸಂಖ್ಯೆ, ದಿನಾಂಕಗಳ ಪಟ್ಟಿ, ಬಡ್ಡಿಯ ಲೆಕ್ಕ ಸೇರಿಸಿ ಪತ್ರ ಬರೆದೆ. ಎರಡು ಕಂತಿನಲ್ಲಿ ಹಣ ಬಂತು. 2023–24ರಿಂದ ಆದಾಯ ತೆರಿಗೆ ಕಾಯ್ದೆ ಕೂಡ ನಮ್ಮ ಪರವಾಗಿದೆ: ಗಡುವು ಮೀರಿದ ಬಾಕಿಯನ್ನು ನಿಜವಾಗಿ ಪಾವತಿಸುವವರೆಗೆ ಖರೀದಿದಾರ ಅದನ್ನು ಖರ್ಚೆಂದು ತೋರಿಸುವಂತಿಲ್ಲ. ನೋಂದಣಿ ಮಾಡಿಸದ ಸಂಸ್ಥಾಪಕರು ಇವತ್ತೇ ಮಾಡಿಸಿ, ಅದಕ್ಕೆ ಶುಲ್ಕವಿಲ್ಲ.

2023ರ ಮಾರ್ಚ್‌ನಲ್ಲಿ ಸ್ಟಾರ್ಟಪ್‌ಗಳೊಂದಿಗೆ ಹೆಚ್ಚು ವ್ಯವಹರಿಸುತ್ತಿದ್ದ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿತು. ಅದಾದ ಕೆಲವೇ ವಾರಗಳಲ್ಲಿ, ಮಾತು ಕೊಟ್ಟಿದ್ದ ಹೂಡಿಕೆದಾರರು ಹಿಂದೆ ಸರಿದರು. ಆ ದಿನದ ಪುಟದ ಮೂಲೆಯಲ್ಲಿ 64 ಎಂದಿದೆ. ನಾಲ್ವರನ್ನು ಬಿಡಲೇಬೇಕಿತ್ತು. ಎರಡು ತಿಂಗಳು ಮೊದಲೇ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟು ಎಲ್ಲರಿಗೂ ತೋರಿಸಿದೆ. ನಾಲ್ವರಿಗೂ ಕೊನೆಯ ದಿನದವರೆಗೆ ಪೂರ್ತಿ ಸಂಬಳ ಕೊಟ್ಟೆವು. ಮೂವರು ಅಷ್ಟರೊಳಗೆ ಬೇರೆ ಕೆಲಸ ಹಿಡಿದಿದ್ದರು. ಅದೇ ನೋವನ್ನು 2021ರಲ್ಲಿ ನಾಲ್ಕು ದಿನದಲ್ಲಿ ಹೇರಿದ್ದೆ.

ಇನ್ನು ಕೊರತೆಗಳು. ಮೊದಲ ಪುಸ್ತಕದ ಹೊಲಿಗೆ ಒಂಬತ್ತು ತಿಂಗಳಿಗೆ ಸಡಿಲವಾಯಿತು. ಎರಡನೆಯದಕ್ಕೆ ಕೊಂಡ ದಿನವೇ ಬೆನ್ನಿಗೆ ಬಟ್ಟೆಯ ಪಟ್ಟಿ ಅಂಟಿಸಿದೆ, ಅದು ಗಟ್ಟಿಯಾಗಿದೆ. ಜೆಲ್ ಪೆನ್ನಿನ ಶಾಯಿ ಹಿಂಬದಿಗೆ ಇಳಿಯುತ್ತದೆ, ಬಾಲ್ ಪೆನ್ ಒಳ್ಳೆಯದು. ಚಾವಣಿ ಸೋರಿ ಹನ್ನೆರಡು ಪುಟ ಹಾಳಾದ ಮೇಲೆ ವಾರಕ್ಕೊಮ್ಮೆ ಪುಟಗಳ ಫೋಟೊ ತೆಗೆದಿಡುತ್ತೇನೆ. ಕಾನೂನಿನ ಲೆಕ್ಕಕ್ಕೆ ಇದು ಬದಲಿಯಲ್ಲ; ಲೆಕ್ಕದ ತಂತ್ರಾಂಶ ಬಳಸುವ ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ತಿದ್ದುಪಡಿಗಳ ಜಾಡು ಉಳಿಸುವ ತಂತ್ರಾಂಶವೇ ಕಡ್ಡಾಯ. ಆ ಲೆಕ್ಕವನ್ನು ನಮ್ಮ ಲೆಕ್ಕಪರಿಶೋಧಕರಿಗೆ ಬೇರೆಯಾಗಿಯೇ ಕೊಡುತ್ತೇವೆ.

ಪುಸ್ತಕ ತಲುಪದ ಜಾಗವೂ ಇದೆ. ನಾಲ್ವರು ಹೊರಟುಹೋದ ವಾರ ಶಿಲ್ಕು ಬರೆದ ಮೇಲೂ ಎದೆ ಹಗುರಾಗಲಿಲ್ಲ. ರಾತ್ರಿ ಎರಡಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಕರೆ ಮಾಡಿದೆ. ಉಚಿತ, ದಿನದ 24 ಗಂಟೆ, ಕನ್ನಡದಲ್ಲಿಯೇ ಮಾತಾಡಬಹುದು. ಅದರ ಹಿಂದೆ ನಮ್ಮ ಊರಿನ ನಿಮ್ಹಾನ್ಸ್ ಇದೆ. ಅರ್ಧ ಗಂಟೆ ಯಾರೋ ನನ್ನ ಮಾತನ್ನು ತಡೆಯದೆ ಕೇಳಿದರು. ಈ ಸಂಖ್ಯೆಯನ್ನೂ ಪುಸ್ತಕದ ಒಳರಟ್ಟಿನ ಮೇಲೆ ಬರೆದಿಟ್ಟಿದ್ದೇನೆ.

ಕೊಳ್ಳುವವರಿಗೆ: ಮೊದಲ ಬಾರಿಗೆ ಎರಡು ಕ್ವೈರ್ ಸಾಕು, ಪುಟಸಂಖ್ಯೆ ಅಚ್ಚಾಗಿರುವುದನ್ನೇ ಕೇಳಿ, ಹೊಲಿಗೆ ಎಳೆದು ನೋಡಿ. ಈ ವರ್ಷದ ಆಯುಧಪೂಜೆಯಲ್ಲಿ ಸೋಲ್ಡರಿಂಗ್ ಯಂತ್ರದ ಪಕ್ಕ ತುಂಬಿದ ಮೂರೂ ಪುಸ್ತಕಗಳನ್ನಿಟ್ಟು ಕುಂಕುಮ ಹಚ್ಚಿದೆವು. ನಾಲ್ಕನೆಯದರ ಮೊದಲ ಪುಟದ ಶಿಲ್ಕನ್ನು ಅಪ್ಪನ ಕೈಯಲ್ಲಿ ಬರೆಸಿದೆ. ಮೂಲೆಯ ಅಂಕಿ 211.