ಐಜಿಬಿಟಿಯೋ, ಮಾಸ್ಫೆಟ್ಟೋ, ಸಿಲಿಕಾನ್ ಕಾರ್ಬೈಡೋ: ಸುಟ್ಟ ಮೇಲೆ ಮಾಡಿದ ಆಯ್ಕೆ

ಉಳಿಗಳ ತುದಿಯನ್ನು ಕೆಂಪಗೆ ಕಾಯಿಸಿ ಹದ ಕೊಡಲು ಮನೆಯಲ್ಲೇ ಒಂದು ಇಂಡಕ್ಷನ್ ಹೀಟರ್ (ಸುರುಳಿಯ ಕಾಂತಕ್ಷೇತ್ರದಿಂದ ಲೋಹವನ್ನು ಕಾಯಿಸುವ ಯಂತ್ರ) ಕಟ್ಟಿಕೊಂಡಿದ್ದೇನೆ. 230 ವೋಲ್ಟಿನ ಮನೆ ಕರೆಂಟನ್ನು ನೇರವಾಗಿ ಡಿಸಿ ಮಾಡಿದರೆ ಸುಮಾರು 325 ವೋಲ್ಟ್ ಬರುತ್ತದೆ. ಅದನ್ನು ಎರಡು ಟ್ರಾನ್ಸಿಸ್ಟರ್‌ಗಳು ಸೆಕೆಂಡಿಗೆ ಒಂದು ಲಕ್ಷ ಸಲ, ಅಂದರೆ 100 ಕಿಲೋಹರ್ಟ್ಸ್ ವೇಗದಲ್ಲಿ, ಕತ್ತರಿಸಬೇಕು. ಐಜಿಬಿಟಿ, ಮಾಸ್ಫೆಟ್, ಸಿಲಿಕಾನ್ ಕಾರ್ಬೈಡ್ ಎಂಬ ಮೂರು ಬಗೆಯ ಟ್ರಾನ್ಸಿಸ್ಟರ್ ಹಾಕಿ ನೋಡಿದೆ. ಈಗ ಒಳಗೆ ಕುಳಿತಿರುವುದು ಸಿಲಿಕಾನ್ ಕಾರ್ಬೈಡ್. ಅದನ್ನು ಇನ್ನು ಕೀಳುವ ಯೋಚನೆಯಿಲ್ಲ. ಆದರೆ ಅದರ ಮೊದಲ ಜೋಡಿಯನ್ನು ಕೊಂದವನೂ ನಾನೇ.

ಮೊದಲು ಹಾಕಿದ್ದು ಐಜಿಬಿಟಿ, 1200 ವೋಲ್ಟಿನ ಎಫ್‌ಜಿಎ25ಎನ್120. ಇಂಡಕ್ಷನ್ ಒಲೆ ರಿಪೇರಿ ಮಾಡುವವರಿಗೆ ಪರಿಚಯದ ಹೆಸರು. ಅಗ್ಗ, ಗಟ್ಟಿ. 25 ಕಿಲೋಹರ್ಟ್ಸ್‌ನಲ್ಲಿ ತಕರಾರೇ ಇರಲಿಲ್ಲ. 100ಕ್ಕೆ ಏರಿಸಿದೊಡನೆ ಶಾಖ ಹೊರಹಾಕುವ ಹೀಟ್‌ಸಿಂಕ್ ಮುಟ್ಟಲಾಗಲಿಲ್ಲ. ಗೇಟ್ (ಕರೆಂಟನ್ನು ಹರಿಯಬಿಡುವ, ನಿಲ್ಲಿಸುವ ಕಾಲು) ಮುಚ್ಚಿದರೂ ಒಳಗುಳಿದ ಚಾರ್ಜ್ ತೀರುವವರೆಗೆ ಕರೆಂಟು ಬಾಲದಂತೆ ಎಳೆದುಕೊಂಡು ಬರುತ್ತದೆ. ಒಂದು ಆವರ್ತಕ್ಕೆ ಇರುವುದೇ 10 ಮೈಕ್ರೋಸೆಕೆಂಡ್. ಪ್ರತಿ ಆವರ್ತದಲ್ಲೂ ಈ ಬಾಲ ಶಾಖವಾಗುತ್ತದೆ.

ಆಮೇಲೆ ಮಾಸ್ಫೆಟ್, ಐಆರ್‌ಎಫ್‌ಪಿ460. ಬಾಲವಿಲ್ಲ, ಆದರೆ ತೆರೆದಾಗಿನ ತಡೆ 0.27 ಓಮ್: 10 ಆಂಪಿಯರ್ ಹರಿಯುವಾಗ 27 ವಾಟ್ ಬರೀ ಶಾಖ. ತಾಳುವುದೂ 500 ವೋಲ್ಟ್ ಮಾತ್ರ. ನಮ್ಮ ಬೀದಿಯ ಕರೆಂಟು ರಾತ್ರಿ 260ಕ್ಕೆ ಏರುವುದುಂಟು. ಆಗ ಡಿಸಿ 368 ಮುಟ್ಟುತ್ತದೆ, ಅದರ ಮೇಲೆ ಕತ್ತರಿಸುವಾಗ ಚಿಮ್ಮುವ ಸ್ಪೈಕ್‌ಗಳು. ನಿದ್ದೆ ಬರುವ ಅಂತರವಲ್ಲ.

ಸಿಲಿಕಾನ್ ಕಾರ್ಬೈಡ್‌ನ ಮಾಸ್ಫೆಟ್ ಸಿ2ಎಂ0080120ಡಿ 1200 ವೋಲ್ಟಿನದು, ತಡೆ 0.08 ಓಮ್. ಕಾಲುಗಳ ಕ್ರಮವೂ ಹಳೆಯದರಂತೆಯೇ. ನಾನು ಮೋಸಹೋದದ್ದು ಅಲ್ಲೇ. ಹಳೆಯದನ್ನು ಬಿಚ್ಚಿ ಅದೇ ತೂತುಗಳಿಗೆ ಇದನ್ನು ಬೆಸೆದೆ. ಗೇಟಿಗೆ ಹೋಗುತ್ತಿದ್ದುದು ಹಳೆಯ 12 ವೋಲ್ಟೇ. ಸಣ್ಣ ಬೋಲ್ಟ್ ಕಾಯಿಸಿದೆ, ಸೊಗಸಾಗಿ ನಡೆಯಿತು. ದಪ್ಪ ಉಳಿ ಇಟ್ಟೆ. ಫ್ಯೂಸ್ ಹೋಗುವಷ್ಟರಲ್ಲಿ ಎರಡೂ ಸೀಳಿದ್ದವು.

ಮಾಲು ನಕಲಿ ಎಂದೇ ನಂಬಿ ಅಂಗಡಿಯವರನ್ನು ಎರಡು ದಿನ ಮನಸ್ಸಿನಲ್ಲೇ ಬೈದೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯಲ್ಲಿ ಓಡಾಡಿದವರಿಗೆ ಆ ಅನುಮಾನ ಬೇಗ ಬರುತ್ತದೆ. ಮೂರನೆಯ ದಿನ ತಯಾರಕರ ವಿವರಪಟ್ಟಿ, ಡೇಟಾಶೀಟ್ ಬಿಡಿಸಿದೆ: ಗೇಟಿಗೆ ತೆರೆಯಲು +20, ಮುಚ್ಚಲು −5 ವೋಲ್ಟ್. ಮಾಮೂಲಿ ಮಾಸ್ಫೆಟ್ 10 ವೋಲ್ಟಿಗೇ ಪೂರ್ತಿ ತೆರೆದುಕೊಳ್ಳುತ್ತದೆ. ಇದು 12ರಲ್ಲಿ ಅರೆಬರೆ. ಆ 0.08 ಓಮ್ ಎನ್ನುವುದು 20 ವೋಲ್ಟ್ ಕೊಟ್ಟವರಿಗೆ ಮಾತ್ರ. ಮೈನಸ್ ಕೂಡ ಶೋಕಿಗಲ್ಲ: ಒಂದು ಟ್ರಾನ್ಸಿಸ್ಟರ್ ಥಟ್ಟನೆ ತೆರೆದಾಗ ಮುಚ್ಚಿರುವ ಇನ್ನೊಂದರ ಗೇಟ್ ಮೇಲಕ್ಕೆ ಜಗ್ಗುತ್ತದೆ. ಸೊನ್ನೆಯಲ್ಲಿ ಬಿಟ್ಟರೆ ಅದೂ ತೆರೆದುಕೊಂಡು ಶಾರ್ಟ್ ಆಗಬಹುದು.

ಕೊನೆಗೆ ಪ್ರತಿ ಗೇಟಿಗೂ ಪ್ರತ್ಯೇಕವಾಗಿ +20, −5 ಕೊಡುವ ಪುಟ್ಟ ಮಾಡ್ಯೂಲ್, ನಿಯಂತ್ರಣದ ಕಡೆಯಿಂದ ಬೇರ್ಪಡಿಸಿ ಗೇಟನ್ನು ನಡೆಸುವ ಐಸೊಲೇಟೆಡ್ ಡ್ರೈವರ್ ಹಾಕಿ, ಬೋರ್ಡನ್ನೇ ಹೊಸದಾಗಿ ಮಾಡಿದೆ. ಗೇಟಿನ ತಂತಿ ಎರಡು ಸೆಂಟಿಮೀಟರ್ ದಾಟದಂತೆ ನೋಡಿಕೊಂಡೆ.

ಗ್ಯಾಲಿಯಂ ನೈಟ್ರೈಡ್ ಎಂಬ ಇನ್ನೊಂದು ಬಗೆಯ ಟ್ರಾನ್ಸಿಸ್ಟರ್ ಇನ್ನೂ ಚುರುಕು ನಿಜ, ಆದರೆ ನನಗೆ ಸಿಕ್ಕವೆಲ್ಲ ಬೋರ್ಡಿಗೆ ಅಂಟಿದಂತೆ ಕೂರುವ ಚಪ್ಪಟೆ ಚಿಪ್‌ಗಳು. ನನ್ನ ಕೈಯ ನಡುಕಕ್ಕೆ ಒಗ್ಗುವುದಿಲ್ಲ.

ಸಿಲಿಕಾನ್ ಕಾರ್ಬೈಡ್ ಒಂದರ ಬೆಲೆಗೆ ಐದಾರು ಐಜಿಬಿಟಿ ಬರುತ್ತವೆ. ಡ್ರೈವರ್ ಖರ್ಚು ಬೇರೆ. 40 ಕಿಲೋಹರ್ಟ್ಸ್ ಒಳಗಿನ ಕೆಲಸವಾದರೆ ನಾನೂ ಐಜಿಬಿಟಿಯನ್ನೇ ಕೊಳ್ಳುತ್ತೇನೆ. ನನ್ನವು ಸಣ್ಣ ಉಳಿಗಳು, ತುದಿಯಷ್ಟೇ ಕಾಯಬೇಕು. ಅದಕ್ಕೆ 100 ಬೇಕೇ ಬೇಕು. ಸಂಜೆ ಕೆಲಸ ಮುಗಿಸಿ ಹೀಟ್‌ಸಿಂಕ್ ಮೇಲೆ ಬೆರಳಿಟ್ಟರೆ ಈಗ ಬರೀ ಬೆಚ್ಚಗಿರುತ್ತದೆ. ಫ್ಯಾನ್ ಬಿಚ್ಚಿ ಬೇರೆ ಕೆಲಸಕ್ಕೆ ಹಾಕಿದ್ದೇನೆ.