ರೆಡಿಮೇಡ್ ಡಿಕ್ಯಾಲ್ ದ್ರಾವಣ: ಬೇಗ ಆಗುತ್ತದೆ, ಆದರೆ ಮ್ಯಾರೋಗೆ ಬೇಡ

ಕಾರವಾರದ ನಮ್ಮ ಪೆಥಾಲಜಿ ಲ್ಯಾಬ್‌ಗೆ ಈ ಸಲ ರೆಡಿಮೇಡ್ ಡಿಕ್ಯಾಲ್ ದ್ರಾವಣ, ಅಂದರೆ ಮೂಳೆಯಿಂದ ಸುಣ್ಣ (ಕ್ಯಾಲ್ಸಿಯಂ) ತೆಗೆಯುವ ದ್ರಾವಣ, ತರಿಸಿದೆವು. ಒಳಗಿರುವುದು ಹೈಡ್ರೋಕ್ಲೋರಿಕ್ ಆಸಿಡ್, ಲೇಬಲ್ ಮೇಲೆ ದೊಡ್ಡದಾಗಿ 'ರಾಪಿಡ್'. ಮೂಳೆಯ ಸುಣ್ಣ ತೆಗೆಯದೆ ಪ್ಯಾರಾಫಿನ್ ಬ್ಲಾಕ್ (ಮೇಣದಲ್ಲಿ ಕೂರಿಸಿದ ಚೂರು) ಕತ್ತರಿಸಲು ಹೋದರೆ ಬ್ಲೇಡ್ ಹಾಳು, ಸ್ಲೈಡ್ ಮೇಲೆ ಇಡುವ 4-5 ಮೈಕ್ರಾನ್ ಸೆಕ್ಷನ್ (ತೆಳು ಪದರ) ಚಿಂದಿ. ಹಾಗಾಗಿ ಡಿಕ್ಯಾಲ್ ತಪ್ಪಿದ್ದಲ್ಲ.

ವೇಗದ ಬಗ್ಗೆ ದೂರಿಲ್ಲ. ಫಾರ್ಮಲಿನ್‌ನಲ್ಲಿ ಚೆನ್ನಾಗಿ ಫಿಕ್ಸ್ ಆದ (ಕೆಡದಂತೆ ಗಟ್ಟಿಯಾದ), 3-4 ಮಿ.ಮೀ. ದಪ್ಪದ ಫೀಮರ್ ಹೆಡ್ (ತೊಡೆಮೂಳೆಯ ತಲೆ) ಚೂರುಗಳನ್ನು ಬೆಳಿಗ್ಗೆ ಹಾಕಿದರೆ ಸಂಜೆಯೊಳಗೆ ಉಪ್ಪಿನಕಾಯಿ ಬಂಗಡೆಯ ಮುಳ್ಳಿನ ಹಾಗೆ ಬಾಗುತ್ತವೆ. ಮೇ ತಿಂಗಳ ಸೆಕೆಯಲ್ಲಿ ಇನ್ನೂ ಬೇಗ.

ತಕರಾರು ಇರುವುದು ಜೊತೆಗೆ ಬಂದ ಚೀಟಿಯ ಬಗ್ಗೆ. 'ರಾತ್ರಿಯಿಡೀ ಬಿಡಬಹುದು' ಅಂತ ಬರೆದಿದ್ದಾರೆ. ನಂಬಬೇಡಿ. ಅಷ್ಟು ಹೊತ್ತು ಬಿಟ್ಟರೆ ಆಸಿಡ್ ಡಿಎನ್‌ಎಯನ್ನೇ ಒಡೆಯುತ್ತದೆ, ಹೆಮಟಾಕ್ಸಿಲಿನ್ ಎಂಬ ನೀಲಿ ಬಣ್ಣ ಹಿಡಿಯುವುದಿಲ್ಲ. ನೀಲಿಯಾಗಬೇಕಾದ ನ್ಯೂಕ್ಲಿಯಸ್ (ಕೋಶದ ಕೇಂದ್ರ) ಮಸುಕು, ಇನ್ನೊಂದು ಬಣ್ಣವಾದ ಇಯೋಸಿನ್ ಒಂದೇ ಎಲ್ಲ ಕಡೆ ಗುಲಾಬಿ ಬಳಿದಿರುತ್ತದೆ. ಸುಣ್ಣ ಪೂರ್ತಿ ಹೋಗಿದೆಯಾ ಅಂತ ತಿಳಿಯುವ ದಾರಿಯೂ ಚೀಟಿಯಲ್ಲಿಲ್ಲ. ಸೂಜಿ ಚುಚ್ಚಿ ನೋಡಿದರೆ ತೂತು ಸ್ಲೈಡ್‌ನಲ್ಲೇ ಕಾಣುತ್ತದೆ. ಅದರ ಬದಲು ಬಳಸಿದ ದ್ರಾವಣ ಸ್ವಲ್ಪ ತೆಗೆದು, ಅಮೋನಿಯಾ ಹಾಕಿ ಆಸಿಡ್ ಅಂಶ ಕಳೆದು, ಅಮೋನಿಯಂ ಆಕ್ಸಲೇಟ್ ಸೇರಿಸಿ. ಬೆಳ್ಳಗೆ ಕದಡಿದರೆ ಇನ್ನೂ ಕ್ಯಾಲ್ಸಿಯಂ ಬರುತ್ತಿದೆ ಎಂದರ್ಥ. ತಿಳಿಯಾಗೇ ಉಳಿದರೆ ಮೂಳೆ ತೆಗೆದು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಹೀಗೆ ಮಾಡಿದ ಮೇಲೆ ನಮ್ಮ ಸ್ಲೈಡ್‌ಗಳು ನೋಡುವ ಹಾಗಿವೆ.

ಆದರೂ ಬೋನ್ ಮ್ಯಾರೋ (ಮೂಳೆಯೊಳಗಿನ ಮಜ್ಜೆ) ಬಯಾಪ್ಸಿಗೆ ಇದು ಬೇಡ. ಅಲ್ಲಿ ನೋಡಬೇಕಾದ್ದೇ ಕೋಶಗಳನ್ನು, ಅಲ್ವಾ? ಅದಕ್ಕೆ ಲ್ಯಾಬ್‌ನಲ್ಲೇ ಮಾಡಿಕೊಳ್ಳುವ 10% ಇಡಿಟಿಎ (ಕ್ಯಾಲ್ಸಿಯಂ ಹಿಡಿದು ತೆಗೆಯುವ ರಾಸಾಯನಿಕ), ಪಿಎಚ್ 7ರ ಆಸುಪಾಸಿನದು, ಅಂದರೆ ಆಸಿಡ್ ಅಲ್ಲದ್ದು, ಸಾಕು. ನಿಧಾನ ನಿಜ, ಗಟ್ಟಿ ಮೂಳೆಗೆ ವಾರಗಟ್ಟಲೆ ಬೇಕು. ಆದರೆ ಬ್ಲಾಕನ್ನು ಮುಂದೆ ಜೀನ್ ಟೆಸ್ಟ್‌ಗೆ ಮಣಿಪಾಲಕ್ಕೋ ಬೆಂಗಳೂರಿಗೋ ಕಳಿಸುವುದಿದ್ದರೆ ಬೇರೆ ದಾರಿಯಿಲ್ಲ. ನಮ್ಮ ಡಾಕ್ಟರ್ ಮೇಡಂ ಈಗ ಮ್ಯಾರೋವನ್ನು ಆಸಿಡ್ ಹತ್ತಿರ ಸುಳಿಯಲೂ ಬಿಡುವುದಿಲ್ಲ.

5ಕ್ಕೆ 3 ಕೊಡುತ್ತೇನೆ. ಮಳೆಗಾಲಕ್ಕೆ ಮೊದಲೇ ಜಾಸ್ತಿ ತರಿಸಿಡಿ, ಅರಬೈಲ್ ಘಟ್ಟ ಬಂದ್ ಆದರೆ ಹುಬ್ಬಳ್ಳಿಯಿಂದ ಪಾರ್ಸೆಲ್ ಬರುವುದಿಲ್ಲ. ಮುಚ್ಚಳ ಸಡಿಲ, ಹಬೆ ಬರುತ್ತದೆ. ಮೈಕ್ರೋಟೋಮ್ (ಸೆಕ್ಷನ್ ಕತ್ತರಿಸುವ ಯಂತ್ರ) ಇರುವ ಕೋಣೆಯಲ್ಲಿ ಇಡಬೇಡಿ. ತುಕ್ಕು ಹಿಡಿಸಲು ನಮ್ಮ ಕಡಲ ಗಾಳಿಯೇ ಸಾಕು.